ಎರಡು ಬಾಗಿಲುಗಳ ಭಾವ

ಭಾವ ಯಾವ ಬಾಗಿಲನ್ನೂ ಮೊದಲು ದಾಟಿದವರಲ್ಲ. ಹೊಸ್ತಿಲು ಹತ್ತಿರವಾದೊಡನೆ ಅವರ ನಡಿಗೆ ತಾನಾಗಿ ಮಂದವಾಗುತ್ತಿತ್ತು. ಎಡಗೈ ಬೂದುಬಣ್ಣದ ಕೋಟಿನ ಅಂಚನ್ನು ಜಗ್ಗಿ ಸರಿಪಡಿಸುತ್ತಿತ್ತು. ಬಲಗೈ ಗಾಳಿಯಲ್ಲಿ ಅರ್ಧಚಂದ್ರ ಬರೆದು 'ತಾವು ಮೊದಲು' ಎನ್ನುತ್ತಿತ್ತು. ಅರ್ಧಚಂದ್ರ ಪ್ರಯೋಗವೆಂದರೆ ಕತ್ತು ಹಿಡಿದು ಹೊರದಬ್ಬುವುದೆಂದೇ ತಿಳಿದಿದ್ದ ನಮಗೆ, ಒಳಗೆ ಕರೆಯುವ ಅರ್ಧಚಂದ್ರವನ್ನು ತೋರಿಸಿದವರು ಅವರೊಬ್ಬರೇ. ಎದುರಿಗಿದ್ದವರು ಮಂತ್ರಿಯೋ ಹಾಲಿನವನೋ ಎಂಬ ಭೇದ ಆ ಕೈಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅಕ್ಕನೂ ಅವರೂ ನಮ್ಮ ಮನೆಯ ಮುಂದೆ 'ನೀನು ಮೊದಲು', 'ನೀವು ಮೊದಲು' ಎಂದು ನಿಂತೇ ಇದ್ದುದರಿಂದ ಒಳಗೆ ಕಾಫಿ ಆರಿಹೋಗಿತ್ತು.

ವೃತ್ತಿಯೂ ಅಂಥದ್ದೇ. ವಿದೇಶಾಂಗ ಖಾತೆಯಲ್ಲಿ ಶಿಷ್ಟಾಚಾರದ ಅಧಿಕಾರಿ. ಯಾವ ದೇಶದ ಧ್ವಜ ಯಾರ ಬಲಕ್ಕಿರಬೇಕು, ಯಾರ ಕಾರು ಮೆಟ್ಟಿಲಿಗೆ ಎಷ್ಟು ಹತ್ತಿರ ನಿಲ್ಲಬೇಕು ಎಂದು ನೋಡಿಕೊಂಡು, ಪರಸ್ಪರ ಮುನಿಸಿಗೆ ಆಸ್ಪದವಿಲ್ಲದಂತೆ ಮಾಡುವ ಸೂಕ್ಷ್ಮ ಕಾಯಕ. "ಸಂಧಿ ಮಾಡ್ಕೊಳ್ಳೋರು ಕುರ್ಚೀಲಿ, ನಾನು ಸಂದೀಲಿ" ಎಂದು ತಾವೇ ನಗುತ್ತಿದ್ದರು.

ನಮ್ಮ ದೇಶದ ಮೀನುಗಾರರು ನೆರೆದೇಶದ ಸೆರೆಮನೆಯಲ್ಲಿ, ಅವರ ಮೀನುಗಾರರು ನಮ್ಮಲ್ಲಿ ಕೊಳೆಯುತ್ತಿದ್ದ ಕಾಲ. ಕಡಲಿನಲ್ಲಿ ಗಡಿಯ ಗೆರೆ ಮೀನಿಗೂ ಕಾಣದು, ಮೀನು ಹಿಡಿಯುವವನಿಗೂ ಕಾಣದು. ಉಭಯ ನಾಯಕರು ಕೊನೆಗೂ ನಮ್ಮಲ್ಲಿ ಭೇಟಿಯಾಗುವುದೆಂದು ನಿಶ್ಚಯವಾದಾಗ, ಅಕ್ಕನ ಮನೆಗೆ ಮೀನು ಕೊಡುತ್ತಿದ್ದ ಹೆಂಗಸು ಬುಟ್ಟಿ ಇಳಿಸದೆಯೇ ಕೇಳಿದಳು:

"ಅಣ್ಣಾ, ದೊಡ್ಡೋರು ಕೂತ್ಕೋತಾರಂತೆ. ನಮ್ಮ ಯಜಮಾನರ ಮಾತು ಬರತ್ತಾ?"

"ಬಂದೇ ಬರತ್ತಮ್ಮ. ಎಲ್ಲಾ ವ್ಯವಸ್ಥೆ ಆಗ್ತಿದೆ."

ವ್ಯವಸ್ಥೆಯೇನೋ ಅಪೂರ್ವವಾಗಿತ್ತು. ಯಾರು ಮೊದಲು ಒಳಬರಬೇಕೆಂಬ ತಕರಾರು ಬಂದಾಗ ಭಾವ ಸಭಾಂಗಣದ ಎದುರುಗೋಡೆಯನ್ನೇ ಒಡೆಸಿ, ಮೊದಲಿನದರ ಅಳತೆಯದೇ ಇನ್ನೊಂದು ಬಾಗಿಲು ಇಡಿಸಿದರು.

"ರೀ, ಒಬ್ರು ಒಂದು ಗಳಿಗೆ ನಿಂತಿದ್ರೆ ಗೋಡೆ ಉಳೀತಿತ್ತಲ್ಲ?" ಎಂದಳು ಅಕ್ಕ.

"ನಿಲ್ಲೋರು ಯಾರು ಅಂತ ನೀನು ಹೋಗಿ ಹೇಳ್ತೀಯಾ?"

ಆತಿಥೇಯರು ಸ್ವಾಗತದ ಎರಡು ಮಾತಾಡಿ ಸಭೆ ಆರಂಭಿಸುವುದು ವಾಡಿಕೆ. ಆದರೆ ಮೊದಲು ಬಾಯಿಬಿಟ್ಟವನೇ ಬೇಡಲು ಬಂದವನಾಗುತ್ತಾನೆಂದು ನಮ್ಮವರು ಹಠ ಹಿಡಿದರು; ಪ್ರತಿಮಾತಾಡಿದವನು ಮಣಿದವನಾಗುತ್ತಾನೆಂದು ಅವರು. ಭಾವ ಸ್ವಾಗತವನ್ನು ಬಾಯಿಂದ ಬಿಡಿಸಿ ಎರಡು ಮುದ್ರಿತ ಕಾರ್ಡುಗಳಿಗೆ ಹಾಕಿಸಿದರು. ಸಮಸ್ಯೆ ಪರಿಹಾರವಾಯಿತೆಂದು ಅಂದು ಮನೆಗೆ ಸಿಳ್ಳೆ ಹಾಕುತ್ತ ಬಂದರಂತೆ.

ನಾಯಕರಿಬ್ಬರೂ ಏಕಕಾಲಕ್ಕೆ ಪ್ರವೇಶಿಸಿದರು, ಏಕಕಾಲಕ್ಕೆ ಕೂತರು, ಸಮಾನ ಎತ್ತರದ ಕುರ್ಚಿಗಳಿಂದ ಕಾರ್ಡಿನ ಮೇಲಿನ ಸ್ವಾಗತವನ್ನು ಓದಿಕೊಂಡರು. ಚಹಾ ಇಬ್ಬರಿಗೂ ಒಟ್ಟಿಗೇ ಬಂತು. ಆಮೇಲೆ ಯಾರೂ ಮಾತಾಡಲಿಲ್ಲ. ಒಬ್ಬರು ಬಟ್ಟಲನ್ನು ನೋಡಿದರು, ಇನ್ನೊಬ್ಬರು ಬಟ್ಟಲ ಕೆಳಗಿನ ತಟ್ಟೆಯನ್ನು. ಮುಚ್ಚಿದ ಕೋಣೆಯಲ್ಲಿ ಸೆಕೆ ಏರುತ್ತಿತ್ತು. ಮೌನ ಬೆಳೆದಷ್ಟೂ ಅದನ್ನು ಮುರಿಯುವವನ ನಷ್ಟವೂ ಬೆಳೆಯುತ್ತ ಹೋಯಿತು. ಗೋಡೆಗೆ ಆನಿಕೊಂಡಿದ್ದ ಭಾವನ ಗಂಟಲಿಗೆ ಒಂದು ಮಾತು ಬಂದಿತ್ತು. ಆದರೆ ಅಂಥ ಕೋಣೆಯಲ್ಲಿ ತಾವಾಗಿ ತುಟಿ ಬಿಚ್ಚಿದ ಅಭ್ಯಾಸವೇ ಅವರಿಗಿರಲಿಲ್ಲ. ಚಹಾ ಮುಗಿಯಿತು. ಇಬ್ಬರೂ ಒಟ್ಟಿಗೇ ಎದ್ದು, ಕೈಕುಲುಕಿ, ಹೊರಟರು. ಲೋಪವೇ ಇಲ್ಲದ ಏರ್ಪಾಡೆಂದು ಮೇಲಧಿಕಾರಿಗಳು ಭಾವನ ಬೆನ್ನು ತಟ್ಟಿದರು.

ಮರುದಿನ ಬೆಳಿಗ್ಗೆ ಮೀನಿನವಳು ಬಂದಳು. "ಏನಾಯ್ತಣ್ಣಾ?"

"ಎಲ್ಲಾ ಸುಸೂತ್ರವಾಗಿ ನಡೀತಮ್ಮ."

"ಹಾಗಾದ್ರೆ ಯಾವಾಗ ಬರ್ತಾರೆ?"

ಭಾವ ಅಕ್ಕನ ಮುಖ ನೋಡಿದರು. ಅಕ್ಕ ಒಳಗೆ ಹೋದಳು. ಮೀನಿನವಳು ಬುಟ್ಟಿ ಎತ್ತಿಕೊಂಡಳು.

ನಿವೃತ್ತರಾದ ಮೇಲೆ ಒಮ್ಮೆ ಭಾವ ತಾವಾಗಿಯೇ ನನಗೆ ಹೇಳಿದರು: "ಸೆಕೆ ಜಾಸ್ತಿ, ಕಿಟಕಿ ತೆಗೀಲಾ ಸಾರ್ ಅಂದಿದ್ರೆ ಸಾಕಾಗಿತ್ತು ಕಣಯ್ಯಾ. ಇಬ್ಬರಲ್ಲಿ ಒಬ್ರಾದ್ರೂ 'ಹೂಂ' ಅಂತಿದ್ರು. ಅಲ್ಲಿಂದ ಮಾತು ಹೊರಡ್ತಿತ್ತು."

"ಅನ್ನಬಹುದಿತ್ತಲ್ಲ ಭಾವ?"

"ಅದು ನನ್ನ ಕೆಲಸ ಆಗಿರ್ಲಿಲ್ವಲ್ಲ."

ಇಂಥವರು ಎಲ್ಲ ರಾಜಧಾನಿಗಳಲ್ಲೂ ಇದ್ದಾರೆ: ವಿನಯಸಂಪನ್ನರು, ನಿರುಪದ್ರವಿಗಳು, ಮನಸ್ತಾಪವಾಗದಂತೆ ಕಾಯುವುದನ್ನೇ ಮನಸ್ಸು ಕೂಡಿಸುವುದೆಂದು ನಂಬಿ ಆಯುಷ್ಯ ಸವೆಸಿದವರು. ಅವರಿಂದಾಗಿ ಲೋಕದ ಎಷ್ಟೋ ಕಲಹಗಳು ಮುಂದಕ್ಕೆ ಹೋಗಿವೆ, ಅದಕ್ಕೆ ನಾವು ಕೃತಜ್ಞರಾಗಿರಬೇಕು. ಎಷ್ಟೋ ರಾಜಿಗಳೂ ಅವರಿಂದಾಗಿಯೇ ಮುಂದಕ್ಕೆ ಹೋಗಿವೆ. ಅಷ್ಟರಲ್ಲಿ ಕಡಲಾಚೆಯ ಸೆರೆಮನೆಗಳಲ್ಲಿ ಯಾರದೋ ಗಂಡಂದಿರಿಗೆ ಮುಪ್ಪು ಬಂದಿರುತ್ತದೆ.