ನೀರಣ್ಣನಿಗೆ ಏನೂ ಆಗಲಿಲ್ಲ

ಟೈಲರಮ್ಮ ಗಂಡನ ಒಳ್ಳೆಯ ಪ್ಯಾಂಟಿನ ಸೊಂಟವನ್ನು ಎರಡು ಇಂಚು ಹಿಡಿದು ಹೊಲಿಯುತ್ತಿದ್ದಾಗ ನಾದಿನಿ ಬಂದು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ಇವತ್ತೂ ಹೊಲಿಗೇನಾ ಅತ್ತಿಗೆ? ಜನ ಏನಂದ್ಕೋತಾರೆ?"

"ಜಾರೋ ಪ್ಯಾಂಟು ಹಾಕಿ ಕಳಿಸಿದ್ರೆ ಏನಂದ್ಕೋತಾರೆ? ಇವನ ಹೆಂಡತಿ ಟೈಲರ್ ಅಂತೆ ಅಂತ ನಗ್ತಾರೆ. ಕೈ ತೆಗಿ."

ಮೂರು ತಿಂಗಳ ಕಾಯಿಲೆಯಲ್ಲಿ ಗಂಡ ಅರ್ಧಕ್ಕರ್ಧ ಇಳಿದುಹೋಗಿದ್ದ. ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಹುಡುಕುವುದು ಅವನ ಕೆಲಸವಾಗಿತ್ತು. ಬೆಳಿಗ್ಗೆ ವಾಹನಗಳ ಗದ್ದಲ ಶುರುವಾಗುವ ಮೊದಲೇ ರಸ್ತೆಗಿಳಿದು, ಕಬ್ಬಿಣದ ಸರಳಿನ ಒಂದು ತುದಿಯನ್ನು ನೆಲಕ್ಕೆ, ಇನ್ನೊಂದನ್ನು ಕಿವಿಗೆ ಆನಿಸಿ, ಮಣ್ಣಿನಡಿ ಪೈಪು ಎಲ್ಲಿ ಒಡೆದಿದೆಯೆಂದು ಕೇಳಿಸಿಕೊಳ್ಳುವುದು. ಮೂವತ್ತೈದು ವರ್ಷ ಅದನ್ನೇ ಮಾಡಿದ. ಬಡಾವಣೆಗೆಲ್ಲ ಅವನು ನೀರಣ್ಣ.

ಪ್ಯಾಂಟು ಮುಗಿಸಿ ಅವನ ಕಚೇರಿಯ ಇಬ್ಬರ ಕೈಗೆ ಕೊಟ್ಟಳು. ಅವರು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ಮಶಾನದ ವ್ಯಾನು ಹನ್ನೊಂದಕ್ಕೆ ಬರುವುದಿತ್ತು. ನಡುಮನೆಯ ಬಾಡಿಗೆ ಕುರ್ಚಿಗಳಲ್ಲಿ, ಭಾನುವಾರ ಜೊತೆಗೆ ಧ್ಯಾನಕ್ಕೆ ಕೂರುವ ಮೌನಕೂಟದವರು ಕೂತಿದ್ದರು. ಯಾರೋ ಪಿಸುಗುಟ್ಟುತ್ತಿದ್ದುದು ಅವಳ ಕಿವಿಗೆ ಬಿತ್ತು: ನೀರಣ್ಣ ಕೊನೆಗೆ ಆಡಿದ್ದು ಒಂದೇ ಮಾತಂತೆ, 'ತುಂಬಿತು' ಎಂದರಂತೆ.

ಟೈಲರಮ್ಮ ನಾದಿನಿಯ ಕಡೆ ತಿರುಗಿದಳು. ಆ ಮಾತನ್ನು ಊರೆಲ್ಲ ಹಂಚಿದ್ದು ಯಾರೆಂದು ಕೇಳಬೇಕಾಗಿರಲಿಲ್ಲ. ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅಣ್ಣ ಅಂದದ್ದು ನಿಜ ತಾನೇ, ನಿನ್ನ ಬಾಯಿಂದಲೇ ಕೇಳಿದ್ದು ಎಂದಳು. ಹೇಳಿದ್ದೇನೋ ನಿಜ. ಆದರೆ ನಾದಿನಿ ಅದರಲ್ಲಿ ಒಂದೇ ಪದ ಕತ್ತರಿಸಿ ಇಟ್ಟುಕೊಂಡು ಉಳಿದದ್ದನ್ನು ಎಸೆದಿದ್ದಳು.

*

ಮೌನಕೂಟ ನಡೆಯುತ್ತಿದ್ದುದು ನಿವೃತ್ತ ಮೇಷ್ಟ್ರ ಮಹಡಿಯ ಮೇಲೆ. ಭಾನುವಾರ ಬೆಳಿಗ್ಗೆ ಮೂವತ್ತು ಜನ ಒಂದು ಗಂಟೆ ಕಣ್ಣು ಮುಚ್ಚಿ ಕೂರುವುದು. ಆಮೇಲೆ ಒಬ್ಬೊಬ್ಬರಾಗಿ ತಮಗಾದ ಅನುಭವ ಹೇಳುವುದು. ಒಬ್ಬರ ಮೈ ಹತ್ತಿಯಾಗುತ್ತಿತ್ತು, ಇನ್ನೊಬ್ಬರಿಗೆ ನೀಲಿ ಕಾಣುತ್ತಿತ್ತು. ಬಟ್ಟೆ ಅಂಗಡಿ ಯಜಮಾನಿಗೆ ವಾರಕ್ಕೊಂದು ಹೊಸತು.

ಹೆಂಡತಿಯ ಬಲವಂತಕ್ಕೆ ಬಂದ ನೀರಣ್ಣ ತನ್ನ ಸರದಿ ಬಂದಾಗ ನಿಂತು, ತನಗೇನೂ ಆಗಲಿಲ್ಲ, ಆದರೆ ಈ ಪಕ್ಕದ ಗೋಡೆಯೊಳಗೆ ಪೈಪು ಸೋರುತ್ತಿದೆ ಎಂದ. ಎಲ್ಲರೂ ನಕ್ಕರು.

"ಹೊರಗಿಂದಲ್ಲ ನೀರಣ್ಣ, ಒಳಗಿಂದು ಕೇಳಿಸ್ಕೊಳ್ಳಿ," ಎಂದರು ಮೇಷ್ಟ್ರು.

"ಗೋಡೆ ಒಳಗೇ ಸರ್."

ಹದಿನೈದು ದಿನಕ್ಕೆ ಗಾರೆ ಉಬ್ಬಿ ಕೆಳಗೆ ಬಿತ್ತು. ಮೇಷ್ಟ್ರು ಆ ವಿಷಯ ಎತ್ತಲಿಲ್ಲ. ಟೈಲರಮ್ಮನಿಗೆ ಮಾತ್ರ ತಿಂಗಳುಗಟ್ಟಲೆ ತಲೆ ಎತ್ತಲಾಗಲಿಲ್ಲ. ಎಲ್ಲರೂ ನಕ್ಕದ್ದಕ್ಕಿಂತ ಇವನ ಮಾತು ನಿಜವಾದದ್ದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತ್ತು.

ಅದಾದ ಎರಡನೇ ವರ್ಷ ಒಂದು ಭಾನುವಾರ. ಬಟ್ಟೆ ಅಂಗಡಿ ಯಜಮಾನಿ ಆಕಾಶವೇ ಬಿರಿದು ಹೂವಾದದ್ದನ್ನು ವರ್ಣಿಸಿ ಕೂತಿದ್ದಳು. ಮುಂದಿನ ಸರದಿ ಟೈಲರಮ್ಮನದು. ಆ ಒಂದು ಗಂಟೆಯೂ ಅವಳು ಯೋಚಿಸಿದ್ದು ಒಂದು ರವಿಕೆಯ ತೋಳನ್ನು. ಅಡ್ಡ ಕತ್ತರಿಸಿ ಕೆಡಿಸಿಟ್ಟಿದ್ದಳು, ಬಟ್ಟೆ ಗಿರಾಕಿಯದು. ಅದನ್ನು ಹೇಳುವುದು ಹೇಗೆ?

"ಒಂದು ಬೆಳಕು ಬಂತು. ಎದೆಯೊಳಗೆ ಬಂದು ಕೂತ್ಕೊಂತು," ಎಂದುಬಿಟ್ಟಳು.

ಮೇಷ್ಟ್ರ ಕಣ್ಣು ತುಂಬಿತು. ಮುಂದಿನ ವಾರದಿಂದ ಅವಳ ಜಾಗ ಮೊದಲ ಸಾಲಿಗೆ ಬಂತು. ಹೊಸಬರನ್ನು ಅವಳ ಪಕ್ಕದಲ್ಲೇ ಕೂರಿಸತೊಡಗಿದರು.

ಅವತ್ತು ಮನೆಗೆ ಬರುವಾಗ ನೀರಣ್ಣ ನಡುರಸ್ತೆಯಲ್ಲಿ ನಿಂತ.

"ಬೆಚ್ಚಗಿತ್ತಾ?"

"ಯಾವುದು?"

"ಬೆಳಕು."

"ಹೂಂ."

ಇನ್ನೂ ನಾಲ್ಕು ಹೆಜ್ಜೆ ನಡೆದು, "ಹಾಗಾದ್ರೆ ಇದೆ ಅಂತಾಯ್ತು. ಬೇರೆಯವರ ಮಾತು ನನಗೆ ನಂಬಿಕೆ ಇರಲಿಲ್ಲ. ನೀನು ಸುಳ್ಳು ಹೇಳೋಳಲ್ಲ," ಎಂದ.

ಮೌನಕೂಟಕ್ಕೆ ಬರುವುದನ್ನು ಬಿಡಬೇಕೆಂದೇ ಅವನು ಭಾನುವಾರದ ಪಾಳಿ ಕೇಳಿದ್ದ. ಮರುದಿನ ಕಚೇರಿಗೆ ಹೋಗಿ ಅದನ್ನು ಬೇಡವೆಂದು ಬಂದ. ಅಲ್ಲಿಂದ ಇಪ್ಪತ್ತೆರಡು ವರ್ಷ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊನೆಯ ಸಾಲಿನಲ್ಲಿ ಕೂತು, ಸರದಿ ಬಂದಾಗ ನಿಂತು, ನನಗೇನೂ ಆಗಲಿಲ್ಲ ಎನ್ನುವುದೇ ಆಯಿತು. ಅವಳಿಗೆ ರೋಸಿಹೋಗಿತ್ತು. ಒಂದ್ಸಲ ಏನಾದರೂ ಹೇಳಿಬಿಡಿ, ಯಾರು ಬಂದು ನೋಡುತ್ತಾರೆ ಎಂದು ಜಗಳ ಕಾಯುತ್ತಿದ್ದಳು. ಅವನದು ಒಂದೇ ಉತ್ತರ: "ಆದಾಗ ಹೇಳ್ತೀನಿ ಕಣೇ."

*

ಹತ್ತೂವರೆಗೆ ನಡುಮನೆಯಲ್ಲಿ ಮೇಷ್ಟ್ರು ಎದ್ದು ನಿಂತರು. ನಾಲ್ಕು ಮಾತು ಹೇಳುವೆನೆಂದು ಶುರುಮಾಡಿದವರು ನೀರಣ್ಣನ ತಾಳ್ಮೆಯಿಂದ ಹಿಡಿದು ನಿಧಾನವಾಗಿ ಬರಬೇಕಾದಲ್ಲಿಗೆ ಬಂದರು. ಇಷ್ಟು ವರ್ಷ ಖಾಲಿ ಕೊಡ ಹಿಡಿದು ಕಾದ ಮನುಷ್ಯ. ಕೊನೆಗೂ ತುಂಬಿತು ಎಂದು ಹೇಳಿಯೇ ಹೋದ. ಕುರ್ಚಿಗಳಲ್ಲಿ ಮೂಗು ಒರೆಸಿಕೊಳ್ಳುವ ಸದ್ದಾಯಿತು.

"ಟ್ಯಾಂಕು," ಎಂದಳು ಟೈಲರಮ್ಮ.

ಮೇಷ್ಟ್ರು ನಿಲ್ಲಿಸಿದರು.

"ಪಕ್ಕದ ಮನೆ ಟ್ಯಾಂಕು ತುಂಬಿತು, ಮೋಟರ್ ಆಫ್ ಮಾಡೋಕೆ ಹೇಳು ಅಂದ್ರು. ಈ ಸ್ಥಿತೀಲೂ ಊರವರ ನೀರಿನ ಚಿಂತೆಯಾ ಅಂತ ಬೈಕೊಂಡೇ ಹೋದೆ. ಬರೋಷ್ಟರಲ್ಲಿ ಹೋಗಿದ್ರು. ಅಷ್ಟೇ ಮೇಷ್ಟ್ರೇ. ಅವರಿಗೇನೂ ಆಗಲಿಲ್ಲ."

ಅಲ್ಲಿಗೇ ನಿಲ್ಲಿಸಬಹುದಿತ್ತು, ಅವಳಿಗೆ ನಿಲ್ಲಿಸಲಾಗಲಿಲ್ಲ.

"ನನಗೂ ಏನೂ ಆಗಿಲ್ಲ. ಬೆಳಕು ಅಂದಿದ್ದು ಸುಳ್ಳು. ನನ್ನ ಸರದಿ ಬಂದಿತ್ತು, ನಾಚಿಕೆ ಆಯ್ತು, ಹೇಳಿಬಿಟ್ಟೆ. ಅದನ್ನ ನಂಬ್ಕೊಂಡು ಇವರು ಕಾದ್ರು."

ಬಟ್ಟೆ ಅಂಗಡಿ ಯಜಮಾನಿ ಎದ್ದು ಬಂದು ಅವಳ ಕೈ ಹಿಡಿದುಕೊಂಡಳು. ದುಃಖ ಹೀಗೆಲ್ಲ ಮಾತಾಡಿಸುತ್ತದೆ ಎಂದಳು. ಹಿಂದಿನಿಂದ ಒಬ್ಬರು, ನಿಜವಾಗಿ ಬೆಳಕು ಕಂಡವರು ಕಂಡೆ ಅನ್ನುವುದೇ ಇಲ್ಲ ಎಂದರು.

"ಅಯ್ಯೋ, ಆಗ ಕಂಡೆ ಅಂದಿದ್ದೆನಲ್ಲ," ಎಂದಳು ಟೈಲರಮ್ಮ.

ಅವರು ಅದಕ್ಕೂ ತಲೆದೂಗಿದರು. ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕುವಂತಾಯಿತು ಅವಳಿಗೆ. ಸುಳ್ಳನ್ನು ಒಂದು ನಿಮಿಷದಲ್ಲಿ ನಂಬಿದವರು ನಿಜವನ್ನು ಏನು ಮಾಡಿದರೂ ನಂಬುವಂತಿರಲಿಲ್ಲ. ಮೇಷ್ಟ್ರು ಮಾತ್ರ ಕನ್ನಡಕ ತೆಗೆದು ಒರೆಸುತ್ತ ಕೂತುಬಿಟ್ಟರು.

ಅಡುಗೆಮನೆಗೆ ನೀರು ಕುಡಿಯಲು ಬಂದವಳ ಹಿಂದೆಯೇ ಮಗಳು ಬಂದಳು.

"ಅಪ್ಪಂಗಾದ್ರೂ ಹೇಳಬಹುದಿತ್ತಲ್ಲಮ್ಮ."

"ಮುಂದಿನ ವಾರ ಹೇಳೋಣ, ಮುಂದಿನ ವಾರ ಹೇಳೋಣ ಅಂತ ಇಷ್ಟು ವರ್ಷ ಆಯ್ತು," ಎಂದಳು ಟೈಲರಮ್ಮ. ಲೋಟ ತುಟಿಯ ಹತ್ತಿರವೇ ಉಳಿಯಿತು. "ಅದು ಬೆಚ್ಚಗಿತ್ತಾ ಅಂತ ಕೇಳಿದ್ರು ಕಣೇ. ಅಷ್ಟು ಆಸೆಯಿಂದ ಅವರು ನನ್ನ ಇನ್ಯಾವತ್ತೂ ಏನೂ ಕೇಳಿರಲಿಲ್ಲ."

ಮಗಳು ಅವಳ ಕೈಯಿಂದ ಲೋಟ ತೆಗೆದಿಟ್ಟಳು. ಹೊರಗೆ ವ್ಯಾನು ಹಾರನ್ ಹಾಕಿತು.

*

ಸ್ಮಶಾನದಲ್ಲಿ ಅರ್ಧ ಗಂಟೆ ಕಾಯಬೇಕಾಯಿತು. ಮೊದಲು ಬಂದವರದು ಇನ್ನೂ ಮುಗಿದಿರಲಿಲ್ಲ. ಸಿಮೆಂಟು ಚಪ್ಪರದಡಿ, ತಂದಿಟ್ಟ ದೇಹದ ಸುತ್ತ ಎಲ್ಲರೂ ನಿಂತರು. ನಾದಿನಿ ಬಿಕ್ಕುತ್ತಿದ್ದಳು. ಒಂದೈದು ನಿಮಿಷ ಮೌನ ಆಚರಿಸೋಣ ಎಂದು ಕೂಟದವರು ಯಾರೋ ಹೇಳಿದರು. ಅದಕ್ಕೇ ಕಾದಿದ್ದವರಂತೆ ಎಲ್ಲರ ಕಣ್ಣೂ ಮುಚ್ಚಿಕೊಂಡವು.

ಟೈಲರಮ್ಮ ಮುಚ್ಚಲಿಲ್ಲ. ಮುಚ್ಚಿ ಕೂತದ್ದು ಸಾಕಾಗಿತ್ತು. ಗಂಡನ ಪ್ಯಾಂಟು ಸೊಂಟಕ್ಕೆ ಸರಿಯಾಗಿ ಕೂತಿತ್ತು. ಒಂದೊಂದೇ ಮುಖ ನೋಡುತ್ತ ಹೋದಳು: ಯಜಮಾನಿಯ ಹುಬ್ಬು ಮೇಲೇರಿ ಆಗಲೇ ಎಲ್ಲೋ ಹೊರಟಿತ್ತು, ಕಚೇರಿಯವನೊಬ್ಬನ ತುಟಿ ಅದುರುತ್ತಿತ್ತು, ಮಗಳ ರೆಪ್ಪೆಯಡಿಯಿಂದ ನೀರು ಇಳಿಯುತ್ತಿತ್ತು.

ಆ ಸಾಲಿನ ಕೊನೆಯಲ್ಲಿ ಮೇಷ್ಟ್ರು ನಿಂತಿದ್ದರು. ಅವರ ಕಣ್ಣೂ ತೆರೆದೇ ಇತ್ತು. ಅವಳ ಹಾಗೆಯೇ ಅವರೂ ಒಂದು ಮುಖದಿಂದ ಇನ್ನೊಂದು ಮುಖಕ್ಕೆ, ತಡವಾಗಿ ಬಂದು ಖಾಲಿ ಕುರ್ಚಿ ಹುಡುಕುವವರ ಹಾಗೆ, ನೋಡುತ್ತ ಬರುತ್ತಿದ್ದರು. ಅವಳ ಮುಖಕ್ಕೆ ಬಂದಾಗ ನಿಂತರು. ಅವಳು ದೃಷ್ಟಿ ತೆಗೆಯಲಿಲ್ಲ. ಅವರೂ ತೆಗೆಯಲಿಲ್ಲ. ಐದು ನಿಮಿಷ ಮುಗಿಯುವವರೆಗೆ, ಕಣ್ಣು ಮುಚ್ಚಿದ ಅಷ್ಟು ಜನರ ನಡುವೆ, ಇಬ್ಬರೂ ಹಾಗೇ ನಿಂತಿದ್ದರು.