ತ್ರಿವಿಕ್ರಮನ ದನಿಯಲ್ಲಿ ಹೇಳಿದ್ದು

ಉಡ್ಪಿ ಉಡ್ಪಿ ಉಡ್ಪೀ — ಮೂರನೆಯದನ್ನು ಮಾತ್ರ ಮೂಗಿನಲ್ಲಿ ಎಳೆಯುತ್ತಾನೆ ಈ ಕಂಡಕ್ಟರ್, ಗಂಟಲಿನಲ್ಲಿ ಹತ್ತಿ ಮೂಗಿನಲ್ಲಿ ಇಳಿಯುವ ಸ್ವರ, ನಾಲಿಗೆಯನ್ನು ಸ್ವಲ್ಪ ಹಿಂದಕ್ಕೆ ಮಡಚಿದರೆ ನನಗೂ ಬಂದೀತು, ಉಡ್ಪೀ, ಬಂತು, ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿದರು, ಪಕ್ಕದಲ್ಲಿ ಕೂತ ಪ್ರಣೀತಾ ಮಾತ್ರ ನಗಲಿಲ್ಲ, ಬಸ್ಸು ಕಾಪು ಬಿಟ್ಟಾಗಿನಿಂದ ಮೊಬೈಲು ನೋಡಿಕೊಂಡೇ ಇದ್ದಾಳೆ, ಈಗ ತಲೆಯೆತ್ತಿ, ಜೋಸ್ಲಿನ್, ನೀನು ಹಾಗೆ ಹೇಳಬಾರದಿತ್ತು ಅಂದಳು. ಹಾಗೆ ಅಂದರೆ ಹೇಗೆ, ಹೇಳಿದ್ದು ತ್ರಿವಿಕ್ರಮ ಅಲ್ವಾ, ನಾನು ಬರೀ ಗಂಟಲು ಕೊಟ್ಟವಳು — ತಮಾಷೆ ಸಾಕು ಮಾರಾಯ್ತಿ, ಸುಕೇಶಣ್ಣನಿಗೆ ಮಸ್ಕತ್ತಿನಲ್ಲಿ ಕೆಲಸ ನಿಜವಾಗಿ ಆಗಿದೆಯಂತೆ, ನಾಳೆ ಬೆಳಿಗ್ಗೆಯೊಳಗೆ ಹೌದು ಅಲ್ಲ ಹೇಳಬೇಕಂತೆ, ಈಗ ಚಿಕ್ಕಮ್ಮನ ಮೆಸೇಜು ಬಂತು, ನೋಡು. ನೋಡಿದೆ. ಸುಕೇಶ ಅವಳ ಚಿಕ್ಕಮ್ಮನ ಮಗ, ಚಿಕ್ಕಮ್ಮ ಸುಳ್ಳು ಹೇಳುವವರಲ್ಲ, ಹತ್ತು ದೀಪಗಳ ಚಿತ್ರ ಬೇರೆ ಹಾಕಿದ್ದಾರೆ. ಮಸ್ಕತ್ತು, ಯಾರು ಯಾರಿಗೆ ಮಸ್ಕಾ ಹಚ್ಚಿದ್ದು, ಛೆ, ಈಗ ಬೇಡ, ಎಲ್ಲ ಹೊತ್ತಿಗೂ ನನ್ನ ತಲೆಯಲ್ಲಿ ಯಾರೋ ಒಬ್ಬಳು ಸ್ಟೇಜಿನ ಮೇಲೆ ಇರುತ್ತಾಳೆ, ಅವಳನ್ನು ಇಳಿಸುವುದು ಹೇಗೆ.

ಶುರುವಾದದ್ದು ಸೀರಿಯಲ್ಲಿನಿಂದ, ಮುಗಿಯದ ಕೇಸು ಎಂದು ಅದರ ಹೆಸರು, ಸಂಜೆ ಏಳಕ್ಕೆ, ಇನ್ಸ್‌ಪೆಕ್ಟರ್ ತ್ರಿವಿಕ್ರಮ, ಶವಪರೀಕ್ಷೆಯ ಡಾಕ್ಟರ್ ಇಳಾ, ಪುರಾಣದ ತ್ರಿವಿಕ್ರಮ ಮೂರೇ ಹೆಜ್ಜೆಯಲ್ಲಿ ಲೋಕ ಅಳೆದ, ನಮ್ಮವನು ನಾನೂರು ಎಪಿಸೋಡಿನಲ್ಲಿ ಒಂದು ಮೇಜು ದಾಟಿಲ್ಲ, ಆಚೆ ಅವಳು, ಈಚೆ ಇವನು, ನಡುವೆ ವಾರಕ್ಕೊಂದು ಹೆಣ, ಇಬ್ಬರೂ ಒಬ್ಬರಿಗೊಬ್ಬರು ನೀವು ನೀವು, ಅವಳು ಏನಾದರೂ ಹೇಳಲು ಬಾಯಿ ತೆರೆದರೆ ಇವನು ಟೊಪ್ಪಿ ಕೈಗೆತ್ತಿಕೊಂಡು ಕರ್ತವ್ಯ ಮೊದಲು, ಡಾಕ್ಟರ್ ಅನ್ನುತ್ತಾನೆ, ನಾವು ನಾಲ್ವರು ವಾಟ್ಸಾಪಿನಲ್ಲಿ ತಲೆ ಚಚ್ಚಿಕೊಳ್ಳುತ್ತೇವೆ. ಪ್ರಣೀತಾಳದ್ದು ಸಾಕ್ಷ್ಯಾಧಾರದ ಪಕ್ಷ, ಮುನ್ನೂರ ಹನ್ನೆರಡನೆಯ ಎಪಿಸೋಡಿನಲ್ಲಿ ಕೊಡೆ ಪೂರ್ತಿ ಅವಳ ಮೇಲೆ, ಇವನ ಎಡಗಡೆಯ ಹೆಗಲು ಒದ್ದೆ, ಝೂಮ್ ಮಾಡಿ ನೋಡು, ಇದು ಪ್ರೀತಿ ಅಲ್ಲದೆ ಎಂತ — ಕೊಡೆ ಸಣ್ಣದು, ಅವರ ಬಜೆಟ್ಟು ಇನ್ನೂ ಸಣ್ಣದು ಅಂದಿದ್ದೆ ನಾನು. ಕಾಪುವಿನ ಲೊರ್ನಾ ಆಂಟಿ, ರಿಟೈರ್ಡ್ ಟೀಚರು, ಅವರದ್ದು ವಿರೋಧ ಪಕ್ಷ, ಒಂದಾದ ದಿನವೇ ಸೀರಿಯಲ್ ಸತ್ತಿತು ಬಾಯೆ, ಆಮೇಲೆ ಅತ್ತೆ, ಸೊಸೆ, ಕುಕ್ಕರು, ಅದನ್ನು ನೋಡಲು ಟೀವಿ ಯಾಕೆ. ಸುಕೇಶ ಕಾರ್ಕಳದ ಕನ್ನಡಕದಂಗಡಿಯಲ್ಲಿ ದಿನವಿಡೀ ಇದು ಕಾಣುತ್ತದಾ ಇದು ಕಾಣುತ್ತದಾ ಎಂದು ಕೇಳಿ ಕೇಳಿಯೋ ಏನೋ, ಕಡಿಮೆ ಮಾತು, ಒಮ್ಮೆ ಮಾತ್ರ ಹೇಳಿದ್ದ, ತ್ರಿವಿಕ್ರಮನಿಗೆ ಹೆದರಿಕೆ ಅಲ್ಲ, ಹೇಳದೆ ಹೇಳದೆ ಹೇಳುವ ಜಾಗ ಎಲ್ಲಿ ಉಂಟು ಅಂತಲೇ ಮರೆತುಹೋಗಿದೆ ಅವನಿಗೆ. ಆ ದಿನ ನಾನು ಏನು ಮಾಡಿದೆ, ಅವನ ಅದೇ ವಾಕ್ಯವನ್ನು ಅವನದೇ ದನಿಯಲ್ಲಿ ತಿರುಗಿ ಹೇಳಿ ಎಲ್ಲರನ್ನೂ ನಗಿಸಿದೆ.

ಆಟವೂ ನನ್ನದೇ, ಬಾಕಿ ಮಾತು ಎಂದು ಹೆಸರು, ತಿಂಗಳಿಗೊಂದು ಭಾನುವಾರ ಆಂಟಿಯ ಮನೆಯಲ್ಲಿ ಸನ್ನ ತಿಂದು ಕಾಫಿ ಕುಡಿದು, ಆ ಕತೆ ಬರೆಯುವವರು ಹೇಳಿಸದೆ ಬಿಟ್ಟದ್ದನ್ನು ನಾವು ಹೇಳಿಸುವುದು, ನನ್ನ ಗಂಟಲು ದಪ್ಪ ಎಂದು ನಾನು ತ್ರಿವಿಕ್ರಮ, ಸುಕೇಶ ಮೆತ್ತಗೆ ಮಾತಾಡುತ್ತಾನೆಂದು ಅವನು ಇಳಾ, ನಿಯಮ ಒಂದೇ, ದನಿಗೆ ದನಿಯಲ್ಲೇ ಉತ್ತರ, ಮಧ್ಯದಲ್ಲಿ ಸ್ವಂತ ದನಿಗೆ ಜಾರಿದವರು ಎಲ್ಲರ ತಟ್ಟೆ ತೊಳೆಯಬೇಕು. ಇವತ್ತು ಮಧ್ಯಾಹ್ನ ಇಳಾ ಊಟದ ಮೇಜಿನ ಆಚೆ ನಿಂತು, ಇನ್ಸ್‌ಪೆಕ್ಟರ್, ನನಗೆ ಮಸ್ಕತ್ತಿನಲ್ಲಿ ಕೆಲಸ ಆಗಿದೆ, ನೀವು ಬೇಡ ಅಂದರೆ ಹೋಗುವುದಿಲ್ಲ ಅಂದಳು — ಅಂದ. ಸೀರಿಯಲ್ಲಿನಲ್ಲಿ ಇಳಾಳಿಗೆ ಕೆಲಸ ಆದದ್ದು ದೆಹಲಿಯಲ್ಲಿ, ದೆಹಲಿಯನ್ನು ಮಸ್ಕತ್ತು ಮಾಡಿದ್ದಾನೆ, ಭೇಷ್ ಸುಕೇಶಾ ಎಂದುಕೊಂಡೆ, ಅಷ್ಟೇ ಎಂದುಕೊಂಡದ್ದು, ಸ್ಟೀಲಿನ ತಟ್ಟೆಯನ್ನು ಟೊಪ್ಪಿಯ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಹೊಟ್ಟೆಯಿಂದ ದನಿ ಎತ್ತಿ, ಕರ್ತವ್ಯ ಮೊದಲು, ಡಾಕ್ಟರ್. ಆಂಟಿ ಮೇಜು ಗುದ್ದಿ ನಕ್ಕರು. ಅವನೂ ನಕ್ಕ ಅಲ್ವಾ, ನಕ್ಕನಾ, ನೆನಪಿಗೆ ಬರುವುದು ನನ್ನ ದನಿ ಮಾತ್ರ, ಎಷ್ಟು ಚೆನ್ನಾಗಿ ಬಂದಿತ್ತು ಅದು. ಆಮೇಲೆ ಅವನು ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಒಳಗೆ ಹೋದ, ಎಲ್ಲ ತೊಳೆದ, ನೀನು ಎಲ್ಲಿ ಜಾರಿದ್ದು ಮಾರಾಯ, ಇಳಾಳ ದನಿಯಲ್ಲೇ ಹೇಳಿದಿಯಲ್ಲ ಎಂದು ಆಂಟಿ ಕೂಗಿದರು, ಒಳಗಿನಿಂದ, ಇಲ್ಲ ಆಂಟಿ, ಜಾರಿದ್ದೇನೆ, ನಾನೇ ತೊಳೆಯುತ್ತೇನೆ.

ಜಾರಿದ್ದೇನೆ ಅಂದಿದ್ದ. ನಾನು ಆಗ ಪ್ರಣೀತಾಳಿಗೆ ಆಂಟಿಯ ನಗುವನ್ನೇ ಅಣಕಿಸಿ ತೋರಿಸುತ್ತಿದ್ದೆ. ಈಗ ಪಾಂಗಾಳ ಹಿಂದೆ ಹೋಯಿತು, ಅವನು ಸ್ಕೂಟರಿನಲ್ಲಿ ಎಲ್ಲೂರಿನ ತನ್ನ ಮನೆ ಮುಟ್ಟಿರಬಹುದು, ಮೊಬೈಲು ತೆಗೆದೆ, ವಾಟ್ಸಾಪಿನಲ್ಲಿ ಅವನ ಹೆಸರು ಒತ್ತಿದೆ, ಹೆಸರಿನ ಕೆಳಗೆ ಹಸಿರು ಅಕ್ಷರ, ದನಿ ರೆಕಾರ್ಡ್ ಆಗುತ್ತಿದೆ, ಅಂದರೆ ಆಚೆ ಅವನೂ ಮೈಕು ಒತ್ತಿದ್ದಾನೆ, ನೋಡುತ್ತಿದ್ದ ಹಾಗೆ ಅಳಿಸಿಹೋಯಿತು, ಏನೂ ಬರಲಿಲ್ಲ. ನಾನು ಮೈಕು ಒತ್ತಿ ಹಿಡಿದೆ, ಸುಕೇಶ್ ಅವರೇ, ಥೂ, ತ್ರಿವಿಕ್ರಮ, ಅಳಿಸಿದೆ, ಮತ್ತೆ ಒತ್ತಿದರೆ ಸಂಜೆಯ ಪ್ರಾರ್ಥನೆಗೆ ಕರೆಯುವ ನನ್ನ ಅಮ್ಮ, ಮಾಯಿಯ ದನಿ, ಅಳಿಸಿದೆ, ಕಾಲೇಜಿನಲ್ಲಿ ಪ್ರಿನ್ಸಿಪಾಲರ ಎದುರೇ ಪ್ರಿನ್ಸಿಪಾಲರಾಗಿದ್ದವಳು, ಮಣಿಪಾಲದ ಆಫೀಸಿನಲ್ಲಿ ಏಳು ಜನರ ದನಿಯಲ್ಲಿ ರಜೆ ಕೇಳುವವಳು, ನನ್ನದು ಯಾವುದು, ಇಟ್ಟದ್ದೆಲ್ಲಿ ಅದನ್ನು. ಹೋಗಬೇಡ ಅನ್ನುವ ಭಾಷೆಯಾದರೂ ಯಾವುದು, ಅಲೆವೂರಿನ ನಮ್ಮ ಮನೆಯಲ್ಲಿ ಕೊಂಕಣಿ, ವಚಾನಾಕಾ, ಅವನ ಮನೆಯಲ್ಲಿ ತುಳು, ಪೋವೊಡ್ಚಿ, ನಮ್ಮಿಬ್ಬರ ನಡುವೆ ಇರುವುದು ಆ ಸೀರಿಯಲ್ಲಿನ ಇಸ್ತ್ರಿ ಹಾಕಿದ ಕನ್ನಡ, ಹೋಗಬೇಡಿ ಅಂದರೆ ಇಳಾಳಿಗೆ ಹೇಳಿದ ಹಾಗೆ ಕೇಳುತ್ತದೆ. ಮತ್ತೆ, ಹೋಗಬೇಡ ಅನ್ನಲು ನಾನು ಯಾರು, ಅವನು ಉಳಿದು ಆಮೇಲೆ ಎಂತ, ಮಾಯಿ ಏನು ಹೇಳುತ್ತಾಳೆ, ಅವನ ಅಮ್ಮ ಹತ್ತು ದೀಪ ಹಚ್ಚಿದ್ದಾರೆ, ನನಗೆ ಬೇಕಾಗಿರುವುದು ಅವನಾ ಅಥವಾ ಆಚೆ ಬದಿಯಿಂದ ಉತ್ತರ ಕೊಡುವ ಒಂದು ದನಿಯಾ — ಗೊತ್ತಿಲ್ಲ, ಒಂದು ಗೊತ್ತು, ಮುಂದಿನ ತಿಂಗಳ ಭಾನುವಾರ ಆ ಮೇಜಿನ ಆಚೆ ಯಾರೂ ಇರುವುದಿಲ್ಲ, ಆ ಖಾಲಿ ಜಾಗಕ್ಕೆ ಮಿಮಿಕ್ರಿ ಇಲ್ಲ.

ಕಟಪಾಡಿ ಕಟಪಾಡಿ, ಬೇಗ ಇಳಿಯಿರಿ, ಎಲ್ಲಿಗೆ ಹೊರಟೆ ಜೋಸ್ಲಿನ್, ಇದು ಉಡುಪಿ ಅಲ್ಲ, ಗೊತ್ತುಂಟು, ಇಳಿದೆ, ರಸ್ತೆಯ ಬದಿಯ ಬಿಸಿಲಿಗೆ ಬೆನ್ನು ಕೊಟ್ಟು ಮೈಕು ಒತ್ತಿದೆ, ಸುಕೇಶ, ಹೋಗಬೇಡ, ಇದು ನಾನು — ತೆಳ್ಳಗೆ, ಸ್ವಲ್ಪ ಒಡೆದು, ಯಾರದ್ದೂ ಅಲ್ಲದ ದನಿ, ಕೇಳಿದರೆ ಅಳಿಸಿಬಿಟ್ಟೇನೆಂದು ಕೇಳಲಿಲ್ಲ, ಬೆರಳು ಬಿಟ್ಟೆ, ಹೋಯಿತು, ಎರಡು ಗೀಟು, ಎರಡೂ ನೀಲಿ, ನಾಲ್ಕು ಸೆಕೆಂಡಿನ ದನಿ, ನಾಲ್ಕು ಸೆಕೆಂಡು ಕಳೆಯಿತು, ಎಂಟು, ಮತ್ತೊಂದು ಸಲ ಕೇಳುತ್ತಿದ್ದಾನೆಯೇ, ಯಾರ ದನಿ ಎಂದು ಪರೀಕ್ಷೆ ಮಾಡುತ್ತಿದ್ದಾನೆಯೇ, ನಾನೇ ಅಲ್ವಾ ಅವನಿಗೆ ಇದನ್ನು ಕಲಿಸಿದ್ದು, ಹೆಸರಿನ ಕೆಳಗೆ ಹಸಿರು ಅಕ್ಷರ, ದನಿ ರೆಕಾರ್ಡ್ ಆಗುತ್ತಿದೆ, ಅಳಿಸಿತು, ಲಾರಿ ಹೋಯಿತು, ಹಸಿರು, ಆಗುತ್ತಿದೆ, ಅಳಿಸಿತು, ಬೇಕಾದ ದನಿ ಸಿಗುತ್ತಿಲ್ಲವೇ ಅವನಿಗೂ, ಹಸಿರು, ಆಗುತ್ತಿದೆ, ಆಗುತ್ತಿದೆ —