ಬರುವಾಗ ಒಂಬತ್ತೂವರೆ ಗಂಟೆ

ನಾನು ಸರಕು ವಿಮಾನದ ಪೈಲಟ್. ನನ್ನ ಬೆನ್ನ ಹಿಂದೆ ಜನ ಇರುವುದಿಲ್ಲ. ಟಯರು, ಔಷಧಿ ಡಬ್ಬ, ಒಮ್ಮೊಮ್ಮೆ ಕೋಳಿಮರಿ. ವರ್ಷಗಟ್ಟಲೆ ಅವೇ ಎರಡು ಊರುಗಳ ನಡುವೆ ಓಡಾಡಿ ಸೊಂಟ ಬಿದ್ದುಹೋಗಿದೆ. ಎಂಟು ಸಾವಿರ ಕಿಲೋಮೀಟರು. ಪಶ್ಚಿಮಕ್ಕೆ ಹೋಗಲು ಹನ್ನೊಂದು ಗಂಟೆ, ಪೂರ್ವಕ್ಕೆ ನಮ್ಮೂರಿಗೆ ಮರಳಲು ಒಂಬತ್ತೂವರೆ. ಅಷ್ಟು ಮೇಲೆ ಗಾಳಿ ಪೂರ್ವದ ಕಡೆಗೇ ಬೀಸುತ್ತದೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಮಗಳು ತೀರ ಚಿಕ್ಕವಳಿದ್ದಾಗ, ಬರುವಾಗ ಯಾಕೆ ಬೇಗ ಬರ್ತೀಯ ಎಂದು ಕೇಳಿದ್ದಳು. "ನಿನ್ನ ನೋಡೋ ಆಸೆಗೆ ವಿಮಾನ ಓಡೋಡಿ ಬರುತ್ತೆ ಕಣೇ" ಎಂದಿದ್ದೆ. ಅಷ್ಟು ದಣಿದು ಬಂದವನಿಗೆ ಗಾಳಿಯ ಪಾಠ ಮಾಡುವ ತಾಳ್ಮೆ ಎಲ್ಲಿಂದ ಬರಬೇಕು? ಅವಳು ಅದನ್ನು ಬೀದಿಗೆಲ್ಲ ಸಾರಿಕೊಂಡು ಬಂದಳು.

ನಾನೂ ಅವಳಮ್ಮನೂ ಬೇರೆಯಾಗಿ ಎರಡು ವರ್ಷವಾಯಿತು. ಅವಳಮ್ಮ ನರ್ಸ್. ಹೋಗಿ ಹೋಗಿ ನನ್ನ ವಿಮಾನ ಇಳಿಯುವ ಪಶ್ಚಿಮದ ಊರಿನ ಆಸ್ಪತ್ರೆಯಲ್ಲೇ ಕೆಲಸ ಹಿಡಿದು, ಮಗಳನ್ನೂ ಕರೆದುಕೊಂಡು ಹೋದಳು. ಸಿಟ್ಟು ಬಂದಿತ್ತು, ನಿಜ. ಆದರೆ ಡ್ಯೂಟಿಯ ನೆಪದಲ್ಲಿ ಮಗಳ ಮುಖವನ್ನಾದರೂ ನೋಡಬಹುದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಈ ಸಲ ಕೇಳಬೇಕಾದ ಮಾತೊಂದಿತ್ತು: ರಜೆಗೆ ನನ್ನ ಮನೆಗೆ ಬರುತ್ತೀಯಾ? ಹೋದ ವರ್ಷ "ಬೇಡ" ಎಂದಿದ್ದಳು. ಈಗಲೂ ಹಾಗೇ ಅಂದರೆ ಮತ್ತೆ ಕೇಳುವ ಧೈರ್ಯ ನನಗಿರಲಿಲ್ಲ.

ಮಧ್ಯಾಹ್ನ ಅವರ ಫ್ಲಾಟಿಗೆ ಹೋದಾಗ ಅವಳಮ್ಮ ರಾತ್ರಿಪಾಳಿ ಮುಗಿಸಿ ಒಳಕೋಣೆಯಲ್ಲಿ ಮಲಗಿದ್ದಳು. ಶೂ ಬಿಚ್ಚಲೂ ತ್ರಾಣವಿಲ್ಲದೆ ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದೆ. ಮಗಳು ನೀರು ಕೊಟ್ಟು ಎದುರಿಗೆ ನಿಂತಳು. ಕೇಳಿಯೇಬಿಟ್ಟೆ. ಉತ್ತರ ಹೇಳುವ ಬದಲು ಅವಳೇ ಕೇಳಿದಳು.

"ಅಪ್ಪ, ಇಲ್ಲಿಗೆ ಬರೋಕೆ ಈಗ್ಲೂ ಹನ್ನೊಂದು ಗಂಟೆ ಬೇಕಾ?"

"ಹೂಂ."

"ವಾಪಸ್ ಹೋಗೋಕೆ ಒಂಬತ್ತೂವರೆ ಸಾಕಾ?"

"ಹೂಂ ಕಣೇ. ಯಾಕೆ?"

"ಹಾಗಾದ್ರೆ ನಿಂಗೆ ಇಲ್ಲಿಗೆ ಬರೋಕೆ ಇಷ್ಟ ಇಲ್ಲ."

ಹೋದ ವರ್ಷ ಯಾಕೆ ಬೇಡವೆಂದಳೆಂದು ಈಗ ತಿಳಿಯಿತು. ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಾಳಲ್ಲ ಈ ಹುಡುಗಿ! ಗಡಿಬಿಡಿಯಲ್ಲಿ ಗಾಳಿಯ ವಿಷಯವನ್ನೆಲ್ಲ ಹೇಳಿದೆ. ಲೋಟವನ್ನೇ ವಿಮಾನ ಮಾಡಿ ಮೇಜಿನ ಮೇಲೆ ಅತ್ತಿತ್ತ ಸರಿಸಿ, ಊದಿ ತೋರಿಸಿದೆ.

ಅವಳಿಗೆ ಅರ್ಥವಾಯಿತು. ಆಮೇಲೆ ಮೆಲ್ಲಗೆ ಕೇಳಿದಳು, "ಮತ್ತೆ ನಾನು ಚಿಕ್ಕೋಳಿದ್ದಾಗ್ಲೂ ಬರೀ ಗಾಳೀನಾ?"

ಲೋಟವನ್ನು ಪಕ್ಕಕ್ಕಿಟ್ಟೆ.

"ವಿಮಾನಕ್ಕೆ ಗಾಳಿ. ನಂಗೆ ನೀನು," ಎಂದೆ. "ಆಗ್ಲೂ, ಈಗ್ಲೂ."

ಅವಳು ಕೆಳಗೆ ಕೂತು ನನ್ನ ಶೂ ದಾರ ಬಿಚ್ಚತೊಡಗಿದಳು. "ಸರಿ, ರಜಕ್ಕೆ ಬರ್ತೀನಿ" ಎಂದಳು. ಆಮೇಲೆ ಒಳಕೋಣೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಆದ್ರೆ ಅಮ್ಮಂಗೂ ಈ ಗಾಳಿ ವಿಷಯ ಹೇಳ್ಬಿಡು. ನಾನು ವಾಪಸ್ ಬರೋವಾಗ ತಡ ಆಗುತ್ತಲ್ಲ, ಇಷ್ಟ ಇಲ್ದೆ ಬಂದೆ ಅಂದ್ಕೊಂಡ್ಬಿಡ್ತಾಳೆ."